ಕೋರ್ಟಿಗೆ ಹಾಕುವುದೋ, ಮಾತಿಗೆ ಕೂರುವುದೋ: ಕಾಸರಗೋಡಿನವರಿಗೊಂದು ಹೋಲಿಕೆ

ನನ್ನಲ್ಲಿಗೆ ಜನ ಬರುವುದು ಕಾನೂನು ಕೇಳಲಿಕ್ಕಲ್ಲ, ಹಳೇ ಪತ್ರ ಓದಿಸಲಿಕ್ಕೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ತನಕ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಆಗಿನ ಪಾಲುಪತ್ರ, ಮೂಲಗೇಣಿ ಪತ್ರ, ಅಡವುಪತ್ರಗಳು ಈ ಕಡೆಯ ಮನೆಗಳಲ್ಲಿ ಬಹುಪಾಲು ಕನ್ನಡದಲ್ಲೇ ಇವೆ. ಇಂಗ್ಲಿಷ್ ಮೀಡಿಯಂನಲ್ಲೋ ಮಲಯಾಳದಲ್ಲೋ ಕಲಿತ ಮೊಮ್ಮಕ್ಕಳಿಗೆ ಆ ಕೂಡಕ್ಷರ ಕಣ್ಣಿಗೆ ಹತ್ತುವುದಿಲ್ಲ. ಪಿಂಚಣಿ ತೆಗೆದುಕೊಂಡು ಕೂತ ಕನ್ನಡ ಮಾಷ್ಟ್ರು ಹೇಗೂ ಬಿಡುವಾಗಿದ್ದಾನೆ ಎಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ತರುತ್ತಾರೆ. ಓದಿ ಮುಗಿದು ಚಹಾ ಕುಡಿಯುವ ಹೊತ್ತಿಗೆ ಅಸಲು ಪ್ರಶ್ನೆ ಹೊರಬೀಳುತ್ತದೆ: "ಮಾಷ್ಟ್ರೇ, ಇದನ್ನು ಕೋರ್ಟಿಗೆ ಹಾಕುವುದೋ, ಮಾತಾಡಿ ಮುಗಿಸುವುದೋ?"

ನಾನು ವಕೀಲನಲ್ಲ. ಎರಡೂ ಕಡೆಯ ಬೆಂಚಿನಲ್ಲಿ ಕೂತವ, ಅಷ್ಟೆ. ನಮ್ಮ ಮನೆಯ ದಾರಿಯ ಕೇಸು ಮುನ್ಸೀಫ್ ಕೋರ್ಟಿನಲ್ಲಿ ಶುರುವಾಗಿ ಅಪೀಲು ಮುಗಿಯುವಾಗ 11 ವರ್ಷ ಕಳೆದಿತ್ತು. ಗೆದ್ದೆವು. ಆಮೇಲೆ ಕೆಲವು ವರ್ಷ ಕಾನೂನು ಸೇವಾ ಸಮಿತಿಯ ಸ್ವಯಂಸೇವಕನಾಗಿ, ಮಲಯಾಳ ಬಾರದ ಅಜ್ಜ ಅಜ್ಜಿಯರ ಜೊತೆ ಮಧ್ಯಸ್ಥಿಕೆಯ ಕೋಣೆಗೆ ಹೋಗಿ ಕೂತಿದ್ದೇನೆ. ಮಾತಿಗೆ ಕೂರುವುದೇ ಮೇಲು ಎನ್ನುವ ಪಕ್ಷ ನನ್ನದು. ಎಲ್ಲ ತಗಾದೆಗೂ ಅದು ಹೊಂದುವುದಿಲ್ಲ ಎಂಬುದನ್ನೂ ಕಂಡಿದ್ದೇನೆ.

"ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ" ಎಂಬ ಗಾದೆಯನ್ನು ಈ ಪ್ರಶ್ನೆ ಬಂದಾಗಲೆಲ್ಲ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಯಾರು ಯಾರಿಗೆ ಹೇಳುತ್ತಾರೆ ಎಂದು ಸ್ವಲ್ಪ ಗಮನಿಸಿ. ಪಾಲು ಕೇಳಿದ ತಂಗಿಗೆ ಅಣ್ಣ ಹೇಳುತ್ತಾನೆ. ಕೂಲಿ ಬಾಕಿ ಕೇಳಿದವನಿಗೆ ಧಣಿ ಹೇಳುತ್ತಾರೆ. ನಮ್ಮ ದಾರಿ ಮುಚ್ಚಿದವರೂ ನಮಗೆ ಇದನ್ನೇ ಹೇಳಿದ್ದರು. ಹಾಗಾಗಿ ಗಾದೆಯನ್ನು ಬದಿಗಿಟ್ಟು, ತಗಾದೆಯ ಜಾತಿ ನೋಡಿ ಮಾತಾಡೋಣ.

ಮೊದಲು ಹೆಸರುಗಳ ಗೊಂದಲ

ನಮ್ಮಲ್ಲಿ ಮಧ್ಯಸ್ಥಿಕೆ ಎಂದ ಕೂಡಲೇ ಹೆಚ್ಚಿನವರ ಕಣ್ಣ ಮುಂದೆ ಬರುವುದು ಪಂಚಾತಿಕೆ. ಗುತ್ತಿನ ಮನೆಯ ಚಾವಡಿ, ನಾಲ್ಕು ಮಂದಿ ಹಿರಿಯರು, ಒಂದು ತಟ್ಟೆ ಎಲೆ ಅಡಿಕೆ, ಕೊನೆಗೆ "ನಾವು ಹೇಳಿದ್ದಕ್ಕೆ ಇಬ್ಬರೂ ಒಪ್ಪಬೇಕು" ಎಂಬ ಮಾತು. ಅದರಲ್ಲಿ ಒಳ್ಳೆಯದು ಇರಲೇ ಇಲ್ಲ ಎಂದು ನಾನು ಹೇಳುವುದಿಲ್ಲ. ಕಾನತ್ತೂರಿನ ನಾಲ್ವರ್ ದೈವಗಳ ಸನ್ನಿಧಿಯಲ್ಲಿ ದೂರು ಹೇಳಿಕೊಳ್ಳುವ ಕ್ರಮ ಈಗಲೂ ಉಂಟು, ಅಲ್ಲಿ ಮುಗಿದ ತಗಾದೆಗೆ ಬೇರೆಯೇ ತೂಕ. ಆದರೆ ದೈವದ ಮುಂದೆ ಆಡಿದ ಮಾತನ್ನು ಹಿಡಿದುಕೊಂಡು ಹೋದರೆ ವಿಲ್ಲೇಜ್ ಆಫೀಸಿನಲ್ಲಿ ಪೋಕುವರವು ಆಗುವುದಿಲ್ಲ. ಖಾತೆ ಬದಲಾಗಬೇಕಾದರೆ ಕಾಗದ ಬೇಕು.

ಕಾನೂನಿನ ಮಧ್ಯಸ್ಥಿಕೆಯಲ್ಲಿ ನಡುವೆ ಕೂತವರು ತೀರ್ಪು ಹೇಳುವುದಿಲ್ಲ. ಹೇಳುವ ಅಧಿಕಾರವೇ ಅವರಿಗಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುತ್ತಾರೆ, ಆಮೇಲೆ ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಕೇಳುತ್ತಾರೆ. ಬೇರೆಯಾಗಿ ಹೇಳಿದ ಗುಟ್ಟು ನೀವು ಒಪ್ಪದೆ ಆಚೆಯವರಿಗೆ ಹೋಗುವುದಿಲ್ಲ. ಹೊಂದಿಕೆ ಬಾರದಿದ್ದರೆ ಎದ್ದು ಬರಬಹುದು, ಆಗ ಜಡ್ಜರಿಗೆ ಹೋಗುವುದು "ಆಗಲಿಲ್ಲ" ಎಂಬ ಒಂದು ಸಾಲು ಮಾತ್ರ. ಯಾರು ಹಟ ಮಾಡಿದರು, ಯಾರು ಎಷ್ಟಕ್ಕೆ ಇಳಿದಿದ್ದರು ಎಂದು ಬರೆಯುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಮೋತಿರಾಂ ಕೇಸಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಹೀಗೆ ಎದ್ದು ಬರುವ ಸ್ವಾತಂತ್ರ್ಯವೇ ಪಂಚಾತಿಕೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ. ಚಾವಡಿಯಿಂದ ಎದ್ದು ಬಂದವನಿಗೆ ಮರುದಿನ ಊರಿನಲ್ಲಿ ಮುಖ ತೋರಿಸುವುದು ಕಷ್ಟ.

ಮೂರನೆಯದು ಲೋಕ ಅದಾಲತ್. 1987ರ ಕಾನೂನು ಸೇವೆಗಳ ಕಾಯ್ದೆಯಡಿ ನಡೆಯುವಂಥದ್ದು. ಅಲ್ಲಿ ರಾಜಿಯಾದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ, ಅಂದರೆ ತೀರ್ಪಿನ ಆದೇಶಕ್ಕೆ, ಸಮ, ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಫೀ ವಾಪಸು. ವಾಹನ ಅಪಘಾತದ ಪರಿಹಾರ, ಬ್ಯಾಂಕ್ ಸಾಲ, ಚೆಕ್ ಕೇಸು, ಹೀಗೆ ಬರೇ ಮೊತ್ತದ ಮೇಲೆ ನಿಂತ ಜಗಳಗಳಿಗೆ ಇದು ಬಹಳ ಒಳ್ಳೆಯದು. ಕೇರಳದ್ದೇ ಒಂದು ಚೆಕ್ ಕೇಸಿನಲ್ಲಿ, 2011ರಲ್ಲಿ, ಲೋಕ ಅದಾಲತ್‌ನ ಇತ್ಯರ್ಥವನ್ನು ಸಿವಿಲ್ ಡಿಕ್ರಿಯಂತೆ ಜಾರಿ ಮಾಡಿಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅದಾಲತ್ ದಿನ ಕೇಸುಗಳ ಸಾಲು ಉದ್ದ, ಒಂದು ಮೇಜಿಗೆ ಸಿಗುವ ಹೊತ್ತು ಗಿಡ್ಡ. ಅಣ್ಣತಮ್ಮಂದಿರು ಮೂವತ್ತು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿ ಮುಗಿಸಲಿಕ್ಕೆ ಅದು ಜಾಗ ಅಲ್ಲ.

ಮಾತು ಯಾವ ಭಾಷೆಯಲ್ಲಿ

ಇದನ್ನು ಬೇರೆ ಊರಿನ ಯಾವ ಮಾರ್ಗದರ್ಶಿಯೂ ಬರೆಯಲಿಕ್ಕಿಲ್ಲ. ಗಡಿಯಲ್ಲಿ ಇರುವ ನಮಗೆ ಮಾತ್ರ ಇದು ಮೊದಲ ಪ್ರಶ್ನೆ.

ನಮ್ಮ ದಾರಿಯ ಕೇಸಿನಲ್ಲಿ ಅಪ್ಪ ಸಾಕ್ಷಿ ಕಟ್ಟೆ ಹತ್ತಿ "ಅಜ್ಜನ ಕಾಲದಿಂದ ಕಟ್ಟಹುಣಿಯಲ್ಲೇ ನಡೆದುಕೊಂಡು ಹೋಗುವುದು" ಎಂದರು. ಗದ್ದೆಯ ಅಂಚಿನ ಕಟ್ಟಹುಣಿ ನಮಗೆ ದಾರಿಯೂ ಹೌದು, ಗಡಿಯೂ ಹೌದು, ಸಂಜೆ ಕೂತು ಮಾತಾಡುವ ಜಾಗವೂ ಹೌದು. ಕಡತದಲ್ಲಿ ಅದು ಇಂಗ್ಲಿಷಿನ "ರಿಡ್ಜ್" ಆಯಿತು. ಆಚೆ ಕಡೆಯ ವಕೀಲರು ಆ ಒಂದು ಶಬ್ದ ಹಿಡಿದುಕೊಂಡು, ರಿಡ್ಜ್ ಎಂದರೆ ಮಣ್ಣಿನ ದಿಬ್ಬ, ದಾರಿ ಅಲ್ಲ ಎಂದು ವಾದಿಸಿದರು. ಅದನ್ನು ಸರಿ ಮಾಡಿಸಲಿಕ್ಕೆ ಇನ್ನಿಬ್ಬರು ಸಾಕ್ಷಿಗಳು, ಜಾಗ ನೋಡಲು ಕೋರ್ಟು ಕಳಿಸುವ ಕಮಿಷನರರ ಇನ್ನೊಂದು ಭೇಟಿ, ಒಂದೂವರೆ ವರ್ಷ. ತೋಡು ಮಾತ್ರ ಎರಡೂ ಭಾಷೆಯಲ್ಲಿ ತೋಡೇ ಆಗಿದ್ದದ್ದು ನಮ್ಮ ಪುಣ್ಯ.

ಕಾಸರಗೋಡಿನಲ್ಲಿ ಕನ್ನಡ, ತುಳು ಬಲ್ಲ ವಕೀಲರಿಗೆ ಬರ ಇಲ್ಲ. ಕನ್ನಡದ ಅಲ್ಪಸಂಖ್ಯಾತರು ಸರ್ಕಾರದ ಜೊತೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೂ ಹೇಳುತ್ತದೆ. ಕೋರ್ಟಿನ ಕಡತದ ದಾರಿ ಬೇರೆ. ಕನ್ನಡದ ಮೂಲಪತ್ರ ಹಾಜರು ಮಾಡಿದರೆ ಜೊತೆಗೆ ಅನುವಾದವೂ ಬೇಕು. ಅಪೀಲು ಏರಿದಷ್ಟೂ ನಿಮ್ಮ ಭಾಷೆ ತಿಳಿದವರು ಕಡಿಮೆಯಾಗುತ್ತಾರೆ. ಮಂಗಳೂರು ನಮಗೆ 50 ಕಿಲೋಮೀಟರ್, ನಮ್ಮ ಹೈಕೋರ್ಟ್ ಇರುವ ಎರ್ನಾಕುಳಂ ಸುಮಾರು 400. ಅಲ್ಲಿ ಕಟ್ಟಹುಣಿ ಎಂದರೆ ಏನೆಂದು ಹೇಳಲಿಕ್ಕೆ ನೀವು ಇರುವುದಿಲ್ಲ, ಕಾಗದ ಮಾತ್ರ ಇರುತ್ತದೆ.

ಮಧ್ಯಸ್ಥಿಕೆಯಲ್ಲಿ ಮಾತಾಡುವುದು ನೀವೇ. ಕನ್ನಡವೋ ತುಳುವೋ ಮನೆಮಾತೋ, ಬಾಯಿಗೆ ಬಂದದ್ದು. ಕನ್ನಡ ತಿಳಿದವರನ್ನೇ ಕೊಡಿ ಎಂದು ಮೊದಲ ದಿನವೇ ಕೇಳಿ, ಅದಕ್ಕೆ ನಾಚಿಕೆ ಬೇಡ. ಒಂದೇ ಎಚ್ಚರಿಕೆ: ಕೊನೆಯ ಒಪ್ಪಂದ ಇಂಗ್ಲಿಷಿನಲ್ಲಿ ಅಚ್ಚಾಗಿ ಬರುವ ಸಾಧ್ಯತೆ ಹೆಚ್ಚು. ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳದೆ ರುಜು ಹಾಕಬೇಡಿ. ಮಾತೆಲ್ಲ ಕನ್ನಡದಲ್ಲಿ ಆಡಿ, ಮುಖ್ಯವಾದ ಕಾಗದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿದವರನ್ನು ನೋಡಿದ್ದೇನೆ.

ಸುರಂಗದ ನೀರು, ಬೋರಿನ ನೀರು

ಕೋಣೆಯೊಳಗಿನ ಮಾತು ಹೊರಗೆ ಹೇಳಬಾರದು ಎಂಬುದು ಮಧ್ಯಸ್ಥಿಕೆಯ ನಿಯಮ. ಈ ಸಂಗತಿಯನ್ನು ಎರಡೂ ಮನೆಯವರು "ಹೇಳಿ ಮಾಷ್ಟ್ರೇ, ನಾಲ್ಕು ಜನಕ್ಕೆ ಉಪಕಾರವಾಗಲಿ" ಎಂದ ಮೇಲೆ, ಊರಿನ ಗುರುತು ತೆಗೆದು ಹೇಳುತ್ತಿದ್ದೇನೆ.

ನಮ್ಮ ಗುಡ್ಡದ ಕಡೆಯ ಪಂಚಾಯತುಗಳಲ್ಲಿ ಸುರಂಗ ಗೊತ್ತಿಲ್ಲದವರು ಯಾರು? ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು, ಒಳಗಿಂದ ಒಸರುವ ನೀರನ್ನು ಪಂಪಿಲ್ಲದೆ ಅಂಗಳದ ಟಾಂಕಿಗೆ ಇಳಿಸಿಕೊಳ್ಳುವ ವಿದ್ಯೆ. ಕೆಳಗಿನ ಮನೆಯವರದ್ದು ಅಜ್ಜ ಕೊರೆದ ಸುರಂಗ. ಮೇಲಿನ ಜಾಗೆಯವರು ಅಡಿಕೆ ತೋಟ ಹೆಚ್ಚಿಸಿ ಬೋರು ತೆಗೆಸಿದರು. ಎರಡನೇ ಬೇಸಿಗೆಗೆ ಸುರಂಗದ ನೂಲಿನಂಥ ನೀರು ನಿಂತಿತು. ಕೆಳಗಿನವರಿಗೆ ಸಿಟ್ಟು ಬಂತು, ತಡೆಯಾಜ್ಞೆ ತರುವ ಮಾತಾಯಿತು.

ಕೋರ್ಟಿಗೆ ಹೋಗಿದ್ದರೆ ಏನಾಗುತ್ತಿತ್ತು? ದಾರಿ, ನೀರಿನಂಥ ಅಕ್ಕಪಕ್ಕದ ಜಾಗೆಯ ಹಕ್ಕುಗಳಿಗಿರುವ 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಸೆಕ್ಷನ್‌ನ ಉದಾಹರಣೆಗಳನ್ನು ನೋಡಿ. ಗೊತ್ತಾದ ಕಾಲುವೆಯಾಗಿ ಹರಿಯದೆ ನೆಲದಡಿ ಇಂಗಿ ಬರುವ ನೀರನ್ನು ತನ್ನ ಗಡಿಯೊಳಗೆ ತೆಗೆದುಕೊಳ್ಳುವ ಹಕ್ಕು ಆಯಾ ಜಾಗೆಯವನದ್ದು. ಅಂದರೆ ಕಾನೂನು ಬಹುಮಟ್ಟಿಗೆ ಬೋರಿನವರ ಕಡೆ. ಆ ಬೋರಿನಿಂದಲೇ ಸುರಂಗ ಬತ್ತಿತು ಎಂದು ಸಾಬೀತು ಮಾಡುವ ಭಾರ ಕೆಳಗಿನವರ ತಲೆಯ ಮೇಲೆ. ಗುಡ್ಡದ ಹೊಟ್ಟೆಯೊಳಗೆ ನೀರು ಎತ್ತ ಹೋಯಿತು ಎಂದು ಯಾರು ಸಾಕ್ಷಿ ಹೇಳುವುದು? ಅಂತರ್ಜಲಕ್ಕೆ ಕೇರಳದಲ್ಲಿ 2002ರ ಕಾಯ್ದೆ ಉಂಟು, ಪರವಾನಗಿಯ ಪ್ರಶ್ನೆ ಎತ್ತಬಹುದಿತ್ತು. ಅದರಲ್ಲಿ ಗೆದ್ದರೂ ಬೋರು ನಿಲ್ಲುತ್ತದೆಯೇ ಹೊರತು ಸುರಂಗಕ್ಕೆ ನೀರು ಬರುತ್ತದೆ ಎಂಬ ಭರವಸೆ ಇಲ್ಲ. ಎರಡು ತೋಟ ಒಟ್ಟಿಗೆ ಒಣಗುವುದಷ್ಟೇ ನ್ಯಾಯ ಎಂದಾಗುತ್ತಿತ್ತು.

ಮಾತಿಗೆ ಕೂತಾಗ ಮೊದಲ ದಿನ ಬರೇ ಬೈಗುಳ. ಎರಡನೇ ದಿನ ಬೇರೆ ಬೇರೆ ಕೂರಿಸಿ ಕೇಳಿದಾಗ ಗೊತ್ತಾದದ್ದು: ಕೆಳಗಿನವರಿಗೆ ಬೇಕಾದದ್ದು ಕುಡಿಯಲಿಕ್ಕೆ, ಹಟ್ಟಿಗೆ, ಮನೆ ಹಿಂದಿನ ಮೂವತ್ತು ನಲವತ್ತು ಅಡಿಕೆ ಮರಕ್ಕೆ ನೀರು. ಮೇಲಿನವರಿಗೆ ಬೇಕಾದದ್ದು ಬ್ಯಾಂಕಿನ ಸಾಲ ಹಾಕಿ ನೆಟ್ಟ ಗಿಡ ಸಾಯಬಾರದು. ಇವೆರಡೂ ಒಂದಕ್ಕೊಂದು ಎದುರಲ್ಲ. ಮೇಲಿನ ಬೋರಿನಿಂದ ಕೆಳಗಿನ ಟಾಂಕಿಗೆ ಅರ್ಧ ಇಂಚಿನ ಪೈಪು, ದಿನಕ್ಕೆ ಒಂದು ಗಂಟೆ. ಪೈಪಿನ ಖರ್ಚು ಮೇಲಿನವರದ್ದು, ಆ ಒಂದು ಗಂಟೆಯ ಕರೆಂಟು ಕೆಳಗಿನವರದ್ದು. ಮೇಲಿನ ತೋಟಕ್ಕೆ ಸ್ಪ್ರಿಂಕ್ಲರ್ ಬಿಟ್ಟು ಡ್ರಿಪ್. ಗುಡ್ಡದ ನೆತ್ತಿಯಲ್ಲಿ ಇಬ್ಬರೂ ಸೇರಿ ಇಂಗುಗುಂಡಿ.

ಬರೆಯುವಾಗ ಕೆಳಗಿನವರು "ಮಳೆ ಬರುವ ತನಕ" ಎಂದರು. ಮಧ್ಯಸ್ಥಗಾರ್ತಿ ಪೆನ್ನು ಕೆಳಗಿಟ್ಟರು. "ಯಾವ ಮಳೆ? ಮೇ ಕೊನೆಯ ಪತ್ತನಾಜೆಗೆ ಎರಡು ಹನಿ ಬಿದ್ದರೆ ಸಾಕಾ?" ಕೊನೆಗೆ ಜೂನ್ 15 ಎಂದು ಬರೆದದ್ದು. ಕರೆಂಟಿಲ್ಲದ ದಿನ ಏನು, ಮೋಟಾರು ಸುಟ್ಟರೆ ಎಷ್ಟು ದಿನದೊಳಗೆ ಸರಿ ಮಾಡಬೇಕು, ಜಾಗೆ ಮಾರಿದರೆ ಹೊಸಬರಿಗೆ ಏನು ಹೇಳಬೇಕು, ಎಲ್ಲ ಬಂತು. ಒಳ್ಳೆಯ ಒಪ್ಪಂದದ ಪರೀಕ್ಷೆ ಇದೇ. "ಪರಸ್ಪರ ಸಹಕಾರದಿಂದ ಇರತಕ್ಕದ್ದು" ಎಂಬ ಸಾಲು ನಿಮ್ಮ ಒಪ್ಪಂದದಲ್ಲಿ ಇದ್ದರೆ ಅದನ್ನು ಹೊಡೆದು ಹಾಕಿ ಗಂಟೆ, ತಾರೀಕು, ಅಡಿ, ರೂಪಾಯಿ ಬರೆಸಿ.

ದಾರಿಯ ತಗಾದೆಗೂ ಇದೇ ತರ್ಕ. 20 ವರ್ಷ ಅಡೆತಡೆಯಿಲ್ಲದೆ ನಡೆದ ದಾರಿಗೆ ಹಕ್ಕು ಉಂಟೋ ಇಲ್ಲವೋ ಎಂದು ಮಾತ್ರ ಕೋರ್ಟು ಹೇಳಬಲ್ಲದು. ದಾರಿಯನ್ನು ಹತ್ತು ಅಡಿ ಆಚೆ ಸರಿಸಿ ಕಾರು ಹೋಗುವಷ್ಟು ಅಗಲ ಮಾಡಿ, ಬದಲಿಗೆ ನಮ್ಮ ಮೂಲೆಯ ಎರಡು ಸೆಂಟು ಅವರಿಗೆ ಕೊಡುವ ಮಾತನ್ನು ಅದು ಹೇಳುವುದಿಲ್ಲ. ನಮಗೆ 11 ವರ್ಷದ ನಂತರ ಸಿಕ್ಕಿದ್ದು ನಡೆಯುವ ಹಕ್ಕು. ಅಷ್ಟು ಹೊತ್ತಿಗೆ ಮನೆಯಲ್ಲಿ ನಡೆಯುವವರು ಯಾರೂ ಉಳಿದಿರಲಿಲ್ಲ, ಅಪ್ಪನನ್ನು ಆಸ್ಪತ್ರೆಗೆ ಕುರ್ಚಿಯಲ್ಲಿ ಹೊತ್ತುಕೊಂಡು ಅದೇ ಕಟ್ಟಹುಣಿಯಲ್ಲಿ ರಸ್ತೆಗೆ ತಂದೆವು.

ಪಾಲು

ಪಾಲಿನ ದಾವೆಯಲ್ಲಿ ಎರಡು ಸುತ್ತು. ಮೊದಲು ಯಾರಿಗೆ ಎಷ್ಟು ಪಾಲು ಎಂದು ಹೇಳುವ ಪ್ರಾಥಮಿಕ ಡಿಕ್ರಿ, ಆಮೇಲೆ ಕಮಿಷನರು ಸರ್ವೆಯವರನ್ನು ಕರೆದುಕೊಂಡು ಬಂದು ಅಳೆದು ತುಂಡು ಮಾಡಿದ ಮೇಲೆ ಅಂತಿಮ ಡಿಕ್ರಿ. ಎರಡರ ನಡುವೆ ವರ್ಷಗಟ್ಟಲೆ ನಿದ್ದೆ ಹೋಗುವ ಕೇಸುಗಳಿವೆ. ಪ್ರಾಥಮಿಕ ಡಿಕ್ರಿಯ ನಂತರ ಬೇರೆ ಅರ್ಜಿಗೆ ಕಾಯದೆ ಕೋರ್ಟೇ ಮುಂದುವರಿಸಬೇಕು ಎಂದು 2022ರಲ್ಲಿ, ಕೇರಳದ ಪಾಲಿನ ಕೇಸೊಂದರಲ್ಲೇ, ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಈ ಸುತ್ತುಗಳಲ್ಲಿ ಒಬ್ಬ ವಾರಸುದಾರ ತೀರಿಹೋದರೆ ಅವನ ಮಕ್ಕಳನ್ನೆಲ್ಲ ಸೇರಿಸಬೇಕು. ಅವರಲ್ಲಿ ಇಬ್ಬರು ದುಬೈಯಲ್ಲಿ, ಒಬ್ಬಳು ಪುತ್ತೂರಿನಲ್ಲಿ.

ನಮ್ಮ ಗಡಿಯ ಮನೆಗಳಿಗೆ ಇನ್ನೊಂದು ತೊಡಕು: ತೋಟ ಬದಿಯಡ್ಕದಲ್ಲಿ, ಗದ್ದೆ ವಿಟ್ಲದ ಹತ್ತಿರ. ಬೇರೆ ಬೇರೆ ಕೋರ್ಟಿನ ವ್ಯಾಪ್ತಿಯ ಆಸ್ತಿಗೆ ಒಂದೇ ದಾವೆಯನ್ನು ಅವುಗಳಲ್ಲಿ ಯಾವುದಾದರೂ ಒಂದು ಕಡೆ ಹಾಕಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಸೆಕ್ಷನ್ ಬಿಡುತ್ತದೆ. ಆದರೆ ಯಾವ ಕಡೆ ಎಂಬುದರ ಮೇಲೆಯೇ ಮೊದಲ ವರ್ಷ ಜಗಳ. ಮಾತಿಗೆ ಕೂತರೆ ಎರಡೂ ರಾಜ್ಯದ ಆಸ್ತಿ ಒಂದೇ ಮೇಜಿನ ಮೇಲೆ ಬರುತ್ತದೆ. ಪುತ್ತೂರಿನ ತಂಗಿಗೆ ವಿಟ್ಲದ ಗದ್ದೆ, ಊರಲ್ಲಿರುವ ತಮ್ಮನಿಗೆ ತೋಟ, ಗಲ್ಫಿನ ಅಣ್ಣನಿಗೆ ರಸ್ತೆ ಬದಿಯ ಹತ್ತು ಸೆಂಟು ಮತ್ತು ತೋಟದ ಫಸಲಿನಿಂದ ಮೂರು ಕಂತು ಹಣ. ಕೋರ್ಟಿನ ಕತ್ತರಿ ಇಷ್ಟು ನಯವಾಗಿ ಓಡುವುದಿಲ್ಲ.

ಹಕ್ಕು ಎಷ್ಟು ಎಂದು ತಿಳಿಯದೆ ಮಾತ್ರ ಮಾತಿಗೆ ಹೋಗಬೇಡಿ, ಮುಖ್ಯವಾಗಿ ಹೆಣ್ಣುಮಕ್ಕಳು. ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಕಟ್ಟಿನ ಕುಟುಂಬಗಳೂ ಸೇರಿ ಕೇರಳದ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ 1975ರ ಕಾಯ್ದೆ ತೆಗೆದುಹಾಕಿತು, 1976ರ ಡಿಸೆಂಬರ್ 1ರಿಂದ. ಆ ಕಾಯ್ದೆ ತೋರಿಸಿ "ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಕೇರಳದಲ್ಲಿ ನಡೆಯುವುದಿಲ್ಲ" ಎಂದು ಹೇಳಿ ಕಳಿಸಿದವರಿದ್ದರು. 2025ರ ಜುಲೈಯಲ್ಲಿ ಕೇರಳ ಹೈಕೋರ್ಟ್ ಆ ವಾದ ಒಪ್ಪಲಿಲ್ಲ. 2004ರ ಡಿಸೆಂಬರ್ 20ರ ನಂತರ ತೀರಿಹೋದ ಹಿಂದೂ ತಂದೆಯ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂದಿತು, ಕಾಯ್ದೆಯಲ್ಲೇ ಇರುವ ಕೆಲವು ವಿನಾಯಿತಿಗಳನ್ನು ಬಿಟ್ಟು. ನಿಮ್ಮ ಮನೆಗೆ ಇದು ಹೇಗೆ ತಾಗುತ್ತದೆ ಎಂದು ಒಬ್ಬ ವಕೀಲರ ಹತ್ತಿರ ಕೇಳಿಕೊಂಡು ಆಮೇಲೆ ಅಣ್ಣನ ಎದುರು ಕೂರಿ. ಪಾಲು ಬಿಟ್ಟುಕೊಡುವುದಾದರೂ ಎಷ್ಟು ಬಿಟ್ಟೆ ಎಂದು ಗೊತ್ತಿರಲಿ. ಮಹಿಳೆಯರಿಗೆ ವರಮಾನ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ವಕೀಲರ ನೆರವು ಉಚಿತ. ಪರಿಶಿಷ್ಟ ಜಾತಿ, ಪಂಗಡದವರಿಗೂ, ಅಂಗವಿಕಲರಿಗೂ ಹಾಗೆಯೇ.

ಇನ್ನು ಕಾಗದ. ಕೋರ್ಟಿನಲ್ಲಿರುವ ದಾವೆಯ ಆಸ್ತಿಗೇ ರಾಜಿಯಾಗಿ ಡಿಕ್ರಿ ಆದರೆ ಅದಕ್ಕೆ ಬೇರೆ ರಿಜಿಸ್ಟ್ರಿ ಬೇಡ, ಆದರೆ ಪಾಲಿನ ಅಂತಿಮ ಡಿಕ್ರಿಗೆ ಸ್ಟಾಂಪ್ ಕಾಗದದ ಖರ್ಚು ಇದ್ದೇ ಇದೆ. ದಾವೆ ಇಲ್ಲದೆ ಹೊರಗೆ ಮಾತಾಡಿ ಹಂಚಿಕೊಂಡರೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಪಾಲುಪತ್ರ ಮಾಡಿಸಲೇಬೇಕು. ಬಿಳಿ ಹಾಳೆಯಲ್ಲಿ ಎಲ್ಲರೂ ರುಜು ಹಾಕಿ ಮುಗಿಸಿದ ಪಾಲು ಮುಂದಿನ ತಲೆಮಾರಿನ ಕೇಸು. ಎರಡು ರಾಜ್ಯದ ಆಸ್ತಿಯಾದರೆ ಎರಡೂ ಕಡೆಯ ಸ್ಟಾಂಪಿನ ಲೆಕ್ಕವನ್ನು ಮೊದಲೇ ಕೇಳಿಕೊಳ್ಳಿ. ಗಲ್ಫಿನಲ್ಲಿರುವವರ ಮುಕ್ತ್ಯಾರುನಾಮೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ್ದಾಗಿರಲಿ. ವಾಟ್ಸಾಪಿನಲ್ಲಿ "ಓಕೆ" ಎಂದು ಕಳಿಸಿದ್ದು ಸಾಲುವುದಿಲ್ಲ.

ಖರ್ಚು

ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಲು ಫೀಸಿಲ್ಲ. ಕೇರಳದಲ್ಲಿ ದಾವೆ ಹೂಡುವ ದಿನ ಕೋರ್ಟ್ ಫೀಯ ಒಂದು ಭಾಗ ಮಾತ್ರ ಕಟ್ಟಿ, ಬಾಕಿಯನ್ನು ಇಶ್ಯೂ (ತೀರ್ಮಾನವಾಗಬೇಕಾದ ಪ್ರಶ್ನೆಗಳನ್ನು ಕೋರ್ಟು ಬರೆದಿಡುವುದು) ಹಾಕಿದ ಮೇಲೆ ಕಟ್ಟುವ ಕ್ರಮ ಉಂಟು. ಬಾಕಿ ಕಟ್ಟುವ ಗಡುವಿನೊಳಗೆ ರಾಜಿಯಾದರೆ ಆ ಬಾಕಿ ಕೇಳುವುದಿಲ್ಲ. ಆದ್ದರಿಂದ ದಾವೆ ಹಾಕಿಯಾಗಿದೆ, ಇನ್ನು ಮಾತಿಗೆ ಏನು ಎಂದುಕೊಳ್ಳಬೇಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಸೆಕ್ಷನ್ 2002ರ ಜುಲೈ 1ರಿಂದ ಜಾರಿಯಲ್ಲಿದೆ, ನಡೆಯುವ ಕೇಸನ್ನೂ ಕೋರ್ಟು ಮಧ್ಯಸ್ಥಿಕೆಗೆ ಕಳಿಸಬಹುದು. ವಾಯಿದೆಗೆ ಹೋಗಿಬರುವ ಬಸ್ಸು ಚಾರ್ಜು, ಅಡಿಕೆ ಕೊಯ್ಲಿನ ದಿನ ತಪ್ಪಿದ ಕೆಲಸ, ವಿದ್ಯಾನಗರದ ಕೋರ್ಟಿನ ಎದುರು ಕುಡಿದ ಚಹಾ, ಇವನ್ನು ಯಾರೂ ಲೆಕ್ಕ ಇಡುವುದಿಲ್ಲ. ನಾನು ಇಟ್ಟಿದ್ದೆ. ಮೂರನೇ ವರ್ಷ ನೋಟು ಪುಸ್ತಕ ಹೆಂಡತಿಯ ಕೈಗೆ ಸಿಕ್ಕಿದ ಮೇಲೆ ನಿಲ್ಲಿಸಿದೆ.

ಸೀದಾ ಕೋರ್ಟಿಗೇ ಹೋಗಬೇಕಾದಲ್ಲಿ

ನಾಳೆ ಬೆಳಿಗ್ಗೆ ಜೆಸಿಬಿ ಬಂದು ಆವರಣ ಒಡೆಯುತ್ತದೆ ಎಂದಿದ್ದರೆ ಇವತ್ತೇ ತಡೆಯಾಜ್ಞೆಗೆ ಹೋಗಿ, ಮಾತು ಆಮೇಲೆ. ಖೋಟಾ ರುಜು, ಸುಳ್ಳು ವಿಲ್ಲು ಎಂಬ ಗಂಭೀರ ಆರೋಪ ಇದ್ದಲ್ಲಿ ಸಾಕ್ಷಿ ವಿಚಾರಣೆಯೇ ಆಗಬೇಕು. ಯಾವ ಕೇಸು ಮಧ್ಯಸ್ಥಿಕೆಗೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು 2010ರಲ್ಲಿ, ಕೊಚ್ಚಿಯ ಕಾಮಗಾರಿಯೊಂದರ ಜಗಳದಿಂದ ಹುಟ್ಟಿದ ಆಫ್ಕಾನ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಪಟ್ಟಿಯನ್ನೇ ಕೊಟ್ಟಿದೆ. ಅಪ್ರಾಪ್ತ ಮಕ್ಕಳು, ದೇವರು, ಬುದ್ಧಿ ಸ್ವಾಧೀನ ಇಲ್ಲದವರು ಎದುರು ಕಕ್ಷಿಯಾಗಿರುವ ಹಕ್ಕೊತ್ತಾಯ, ಊರಿನ ಎಲ್ಲರ ಪರವಾಗಿ ಹಾಕಿದ ದಾವೆ, ಚುನಾವಣೆಯ ತಗಾದೆ ಎಲ್ಲ ಹೊಂದದ ಕಡೆ. ಹಾಗಾಗಿ ದೈವಸ್ಥಾನದ ಭಂಡಾರದ ಜಗಳವನ್ನು ನಾಲ್ವರು ಕೂತು ರಾಜಿ ಮಾಡಿಬಿಡುತ್ತೇವೆ ಎಂದು ಹೊರಡುವವರು ಸ್ವಲ್ಪ ನಿಲ್ಲಿ. ಅಪ್ರಾಪ್ತ ಮಕ್ಕಳ ಪಾಲಿದ್ದರೆ ದಾವೆಯಲ್ಲಿ ರಾಜಿಗೂ ಕೋರ್ಟಿನ ಅನುಮತಿ ಬೇಕು.

ಕುಮ್ಕಿಯದ್ದೊಂದು ಪ್ರತ್ಯೇಕ ಕಥೆ. ಅಕ್ಕಪಕ್ಕದ ವರ್ಗದಾರರು (ತೋಟ ಗದ್ದೆಯ ಹಕ್ಕುದಾರರು) ತಮ್ಮ ಜಾಗೆಗೆ ತಾಗಿದ ಕುಮ್ಕಿ ಜಾಗಕ್ಕೆ ಹೊಡೆದಾಡಿ, ಕೊನೆಗೆ ಅರ್ಧ ಅರ್ಧ ಎಂದು ರಾಜಿಯಾದದ್ದನ್ನು ನನಗೆ ಹೆಮ್ಮೆಯಿಂದ ತೋರಿಸಿದರು. ಸೊಪ್ಪು, ಕಟ್ಟಿಗೆ, ದನ ಮೇಯಿಸುವ ಸೌಕರ್ಯ ಇವರದ್ದು, ನೆಲ ಸರ್ಕಾರದ್ದು. ಇಬ್ಬರದ್ದೂ ಅಲ್ಲದ್ದನ್ನು ಇಬ್ಬರೂ ಹಂಚಿಕೊಂಡಿದ್ದರು.

ಮನೆಯೊಳಗೆ ಹೊಡೆತ ಬಡಿತ ಇದ್ದಲ್ಲಿ "ಹೊಂದಿಕೊಂಡು ಹೋಗಿ" ಎನ್ನುವ ಮೇಜಿಗೆ ಯಾವ ಹೆಂಗಸನ್ನೂ ಕಳಿಸಬೇಡಿ. ಕುಟುಂಬ ನ್ಯಾಯಾಲಯ ರಾಜಿಗೆ ಪ್ರಯತ್ನಿಸುವುದು 1984ರ ಕಾಯ್ದೆಯಲ್ಲೇ ಇದೆ, ಜೀವನಾಂಶ, ಮಕ್ಕಳನ್ನು ಯಾವ ವಾರ ಯಾರು ಕರೆದುಕೊಂಡು ಹೋಗುವುದು ಎಂಬಂಥದ್ದಕ್ಕೆ ಅದು ಒಳ್ಳೆಯದೇ. ಆದರೆ ಎದುರು ಕೂತವನ ಕಣ್ಣು ನೋಡಿಯೇ ಒಬ್ಬಳ ನಾಲಿಗೆ ಒಣಗುತ್ತದೆ ಎಂದಾದರೆ ಅದು ಮಾತುಕತೆ ಅಲ್ಲ.

ವ್ಯಾಪಾರಸ್ಥರಿಗೆ ಆಯ್ಕೆಯೇ ಇಲ್ಲ. 3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ವಾಣಿಜ್ಯ ತಗಾದೆಯಲ್ಲಿ, ತುರ್ತು ಆದೇಶ ಬೇಡದಿದ್ದರೆ, ಮೊದಲು ಮಧ್ಯಸ್ಥಿಕೆ, ಆಮೇಲೆ ದಾವೆ. ಇದು ಕಡ್ಡಾಯ ಎಂದು 2022ರಲ್ಲಿ ತೀರ್ಪಾಗಿದೆ.

ಗಡಿಯಾರ ನೋಡಿಕೊಳ್ಳಿ

ಮಾತಿನ ದೊಡ್ಡ ಅಪಾಯ ಇದು, ಮತ್ತು ಜಾಣರು ಬೇಕೆಂದೇ ಇದನ್ನು ಬಳಸುತ್ತಾರೆ. ಕೈಸಾಲದ ದಾವೆಗೆ 3 ವರ್ಷದ ಗಡು. "ಓಣಂ ಕಳೆಯಲಿ, ದೀಪಾವಳಿ ಕಳೆಯಲಿ, ಅಡಿಕೆಗೆ ರೇಟು ಬರಲಿ" ಎಂದು ಸಾಲಗಾರ ಚಂದದಲ್ಲಿ ಮಾತಾಡುತ್ತಾ 3 ವರ್ಷ ದಾಟಿಸಿದರೆ ಕೋರ್ಟಿನ ಬಾಗಿಲು ಮುಚ್ಚಿತು. ಊರಿನವರ ನಡುವಿನ ಬಾಯಿಮಾತಿಗೆ ಗಡಿಯಾರ ನಿಲ್ಲುವುದಿಲ್ಲ. ಗಡು ಮುಗಿಯುವ ಮೊದಲೇ "ಇಷ್ಟು ಬಾಕಿ ಉಂಟು" ಎಂದು ಅವರಿಂದ ಬರೆಸಿ ರುಜು ಹಾಕಿಸಿಕೊಂಡರೆ ಹೊಸ ಗಡು ಶುರುವಾಗುತ್ತದೆ. ಚೆಕ್ ಮರಳಿದ್ದಾದರೆ ಇನ್ನೂ ಬಿಗಿ: ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸು, ಅವರಿಗೆ ಕೊಡಲು 15 ದಿನ, ಅದು ಕಳೆದು ಒಂದು ತಿಂಗಳೊಳಗೆ ದೂರು. ನೋಟಿಸು ಕಳಿಸಿದರೆ ಸ್ನೇಹ ಕೆಡುತ್ತದೆ ಎಂದು ಹೆದರಬೇಡಿ. ನೋಟಿಸು ಕಳಿಸಿಯೇ ಮಾತಿಗೆ ಕೂತವರ ಮಾತಿಗೆ ಬೆಲೆ ಹೆಚ್ಚು, ಇದು ನಾನು ಕಂಡದ್ದು.

ಎಲ್ಲಿಗೆ, ಹೇಗೆ

ದಾವೆ ಇನ್ನೂ ಹಾಕಿಲ್ಲದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ. ಅಲ್ಲಿಂದ ಆಚೆಯವರಿಗೆ ಕಾಗದ ಹೋಗುತ್ತದೆ. ಅವರು ಬಾರದಿದ್ದರೆ ಬಲವಂತ ಇಲ್ಲ, ನೀವೂ ಏನನ್ನೂ ಕಳೆದುಕೊಳ್ಳಲಿಲ್ಲ. ಅಲ್ಲಿ ಮುಗಿದದ್ದನ್ನು ಲೋಕ ಅದಾಲತ್‌ನ ಇತ್ಯರ್ಥವಾಗಿ ಬರೆಸಿಕೊಂಡರೆ ಡಿಕ್ರಿಯ ಬಲ ಬರುತ್ತದೆ, ಆಚೆಯವರು ಮಾತು ತಪ್ಪಿದರೆ ಅಮಲ್ಜಾರಿಗೆ ಹೋಗಬಹುದು. ದಾವೆ ನಡೆಯುತ್ತಿದ್ದರೆ ನಿಮ್ಮ ವಕೀಲರ ಹತ್ತಿರ "ಮೀಡಿಯೇಶನ್ನಿಗೆ ಕಳಿಸಲು ಕೇಳಿ" ಎನ್ನಿ. ವಕೀಲರು ಮುಖ ಸಿಂಡರಿಸಿದರೂ ಕೇಳಿ. ಆಮೇಲೆ ಆಗುವ ರಾಜಿ ಡಿಕ್ರಿಗೆ ಅಪೀಲು ಇರುವುದಿಲ್ಲ, ಆದ್ದರಿಂದ ರುಜುವಿಗೆ ಮೊದಲು ಒಂದು ರಾತ್ರಿ ಮನೆಯಲ್ಲಿ ಮಲಗಿ ಎದ್ದು ಬನ್ನಿ. ಇವತ್ತೇ ಮುಗಿಸಬೇಕು ಎಂದು ಯಾರಾದರೂ ಅವಸರ ಮಾಡಿದರೆ ಯಾಕೆ ಎಂದು ಕೇಳಿ.

2023ರಲ್ಲಿ ಮಧ್ಯಸ್ಥಿಕೆಗೆಂದೇ ಕೇಂದ್ರದ ಕಾಯ್ದೆ ಬಂದಿದೆ, ಅದರ ಕೆಲವು ಸೆಕ್ಷನ್‌ಗಳು ಆ ವರ್ಷದ ಅಕ್ಟೋಬರ್ 9ರಂದು ಜಾರಿಯಾದವು. ಕಾಯ್ದೆ ಇಟ್ಟಿರುವ ಗಡು 120 ದಿನ, ಇಬ್ಬರೂ ಒಪ್ಪಿದರೆ ಇನ್ನೂ 60. ಖಾಸಗಿಯಾಗಿ ಮಧ್ಯಸ್ಥರನ್ನು ಹಿಡಿಯುವವರು ತಮ್ಮ ಒಪ್ಪಂದಕ್ಕೆ ಯಾವ ಕಾನೂನಿನ ಬಲ ಎಂದು ಮೊದಲೇ ಬಾಯಿಬಿಟ್ಟು ಕೇಳಬೇಕು. ಹೊಸೂರು, ತಾಳವಾಡಿ, ಜತ್ತ, ಅಕ್ಕಲಕೋಟೆ, ಮಡಕಶಿರಾ ಕಡೆಯ ಕನ್ನಡಿಗರಿಗೂ ಕೇಂದ್ರದ ಕಾನೂನುಗಳು ಇವೇ. ಕೋರ್ಟ್ ಫೀ, ಸ್ಟಾಂಪು ಮಾತ್ರ ಆಯಾ ರಾಜ್ಯದ್ದು. ಭಾಷೆಯ ತಾಪತ್ರಯ ಅವರಿಗೂ ಇದೇ ಇರಬಹುದು.

ಮೊದಲ ದಿನ ಹೋಗುವಾಗ ಮೂಲಪತ್ರ, ಈ ವರ್ಷದ ಭೂ ತೆರಿಗೆಯ ರಶೀದಿ, ಸಿಕ್ಕಿದರೆ ಸರ್ವೆ ಸ್ಕೆಚ್ಚು, ಮತ್ತು ಒಂದು ಹಾಳೆಯಲ್ಲಿ ನಿಮಗೆ ನಿಜವಾಗಿ ಏನು ಬೇಕು ಎಂದು ಎರಡು ಸಾಲು ಬರೆದುಕೊಂಡು ಹೋಗಿ. ಆ ಎರಡು ಸಾಲು ಬರೆಯಲಿಕ್ಕೆ ಹೆಚ್ಚಿನವರಿಗೆ ಒಂದು ವಾರ ಬೇಕಾಗುತ್ತದೆ. ಹಳೇ ಪತ್ರದ ಅಕ್ಷರ ಹತ್ತದಿದ್ದರೆ ನನ್ನಂಥ ಮುದಿ ಮಾಷ್ಟ್ರು ಪ್ರತಿ ಊರಿನಲ್ಲೂ ಒಬ್ಬರಿದ್ದಾರೆ, ಸಂಜೆ ನಾಲ್ಕರ ನಂತರ ಮನೆಯಲ್ಲೇ ಇರುತ್ತೇವೆ. ನಮ್ಮಲ್ಲಿಗೆ ಮೂಲ ತರಬೇಡಿ, ಜೆರಾಕ್ಸ್ ತನ್ನಿ. ಹೋದ ಮಳೆಗಾಲದಲ್ಲಿ ಒಬ್ಬರು ಮೂಲವನ್ನೇ ನನ್ನ ಜಗಲಿಯಲ್ಲಿ ಮರೆತುಹೋಗಿ, ಅವರ ತಮ್ಮ ಬಂದು ಕೇಳಿದಾಗ ಕೊಡುವುದೋ ಬೇಡವೋ ಎಂದು ಎರಡು ದಿನ ನನಗೆ ನಿದ್ದೆ ಇರಲಿಲ್ಲ.